ಮುಚ್ಚಳ ತೆಗೆದ ಡಬ್ಬ

ಬಲಗೈ ನೀವಿದ ಕೂಡಲೇ ಬಿಚ್ಚಿಕೊಂಡಿತು. ಎಡಗೈ ಮಾತ್ರ ಕ್ರಿಯೆ ಮಾಡಿಸಲು ಬಂದ ಅಯ್ಯನವರು ಎಷ್ಟು ನೀವಿದರೂ ಬಿಚ್ಚಲೊಲ್ಲದು. ಬೆರಳುಗಳು ಒಳಕ್ಕೆ ಮಡಚಿ ಬಿಗಿದು ಕೂತಿದ್ದವು.

"ಯಾಕ್ ತಾಯಿ, ಈ ಕೈ ಹಿಂಗೆ ಹಿಡ್ಕೊಂಡ್ಬಿಟ್ಟಿದೆ?"

ಅಯ್ಯನವರು ಸುಮ್ಮನೆ ಕೇಳಿದ ಮಾತು ಅದು. ಆದರೆ ಸತ್ತ ಗಂಡನ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದ ದಾಕ್ಷಾಯಣಮ್ಮ ಬೆಚ್ಚಿದರು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ನೋಡಿದವರು ಪಾಪ ಅಳು ಬಂತು ಅಂದುಕೊಂಡರು.

ಶಿವರುದ್ರಪ್ಪನವರಿಗೆ ಸ್ನಾನ ಮಾಡಿಸಿ, ಹಣೆಗೂ ತೋಳಿಗೂ ವಿಭೂತಿ ಬಳಿದು, ರುಮಾಲು ಸುತ್ತಿ, ನಡುಮನೆಯಲ್ಲಿ ಮಣೆಯ ಮೇಲೆ ಕಾಲು ಮಡಚಿ ಕೂರಿಸಿದ್ದರು. ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸಿ ಕಳಿಸುವ ಪದ್ಧತಿಯಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು, ಪೂಜೆಗೆ ಕೂತವರ ಹಾಗೆ ಕೂತೇ ಮಣ್ಣಿಗೆ ಹೋಗಬೇಕು. ಆ ಅಂಗೈಯೇ ಈಗ ಬಿಚ್ಚುತ್ತಿರಲಿಲ್ಲ.

"ಸ್ವಲ್ಪ ಬಿಸಿನೀರು ಹಾಕಿ ನೋಡಿ ಅಯ್ನೋರೆ," ಎಂದು ಸತ್ತವರ ತಂಗಿ ರುದ್ರಾಣಿ ಚೊಂಬು ತಂದು ಕೊಟ್ಟಳು. ಅಯ್ಯನವರು ಬಟ್ಟೆ ಅದ್ದಿ ಕೈಗೆ ಸುತ್ತಿ, ಒಂದೊಂದೇ ಬೆರಳನ್ನು ಸಮಾಧಾನದಿಂದ ಬಿಡಿಸಿದರು. ಅಂಗೈ ತೆರೆಯಿತು. ಹೆಬ್ಬೆರಳ ಬುಡದಲ್ಲಿ ಕಡಲೆಬೇಳೆಯಷ್ಟಗಲದ ಒಂದು ಕಂದು ಮಚ್ಚೆ ಇತ್ತು, ಅಂಚಿನಲ್ಲಿ ಚರ್ಮ ಬೆಳ್ಳಗೆ ಎದ್ದಿತ್ತು.

ದಾಕ್ಷಾಯಣಮ್ಮ ನೋಡಬಾರದು ನೋಡಬಾರದು ಎಂದುಕೊಂಡೇ ನೋಡಿದರು.

"ಸುಟ್ಟಂಗಿದೆಯಲ್ಲ ಇದು," ಎಂದರು ಅಯ್ಯನವರು.

"ಅದು ಸೋಲ್ಡರಿಂಗ್ ಅಯ್ನೋರೆ," ಎಂದ ಮಗ ನಾಗಭೂಷಣ. ಅತ್ತು ಅತ್ತು ಅವನ ದನಿ ಒಡೆದಿತ್ತು. "ಆ ಕೈನೂ ನೋಡಿ, ಬೆರಳು ತುಂಬ ಅದೇ. ಲೈಟು ಮಾಡ್ತೀನಿ ಲೈಟು ಮಾಡ್ತೀನಿ ಅಂತ ದಿನಾ ಸುಟ್ಕೊಳ್ಳೋರು. ಹೇಳಿದ್ರೆ ಕೇಳ್ತಿದ್ರಾ?"

ನಿಜವೇ, ಬಲಗೈ ಬೆರಳುಗಳ ಮೇಲೂ ಅಂಥವೇ ಗುರುತುಗಳಿದ್ದವು. ಅಯ್ಯನವರು ತಲೆಯಾಡಿಸಿ ಮಚ್ಚೆಯ ಮೇಲೆ ವಿಭೂತಿ ಸವರಿದರು, ಲಿಂಗವನ್ನಿಟ್ಟು ಬೆರಳು ಮುಚ್ಚಿ ಬಿಳಿ ಬಟ್ಟೆ ಸುತ್ತಿದರು. ದಾಕ್ಷಾಯಣಮ್ಮ ಆ ಬಟ್ಟೆಯ ಗಂಟನ್ನೇ ನೋಡಿದರು. ಸಂಜೆ ಮಣ್ಣು ಮಾಡುವವರೆಗೆ ಯಾರೂ ಆ ಬಟ್ಟೆ ಬಿಚ್ಚದಿದ್ದರೆ ಸಾಕು, ಶಿವನೇ, ಅಷ್ಟು ಸಾಕು.

* * *

ಆ ದಿನ ಬೆಳಿಗ್ಗೆ ದಾಕ್ಷಾಯಣಮ್ಮ ಕಾಫಿ ಲೋಟ ಹಿಡಿದು ಹಿತ್ತಲ ಪಡಸಾಲೆಗೆ ಹೋಗಿದ್ದರು. "ರೀ, ಕಾಫಿ," ಅಂದರು. ಉತ್ತರ ಬರಲಿಲ್ಲ. ಉತ್ತರ ಬರದಿರುವುದು ಆ ಮನುಷ್ಯನ ಮಟ್ಟಿಗೆ ಹೊಸದೇನಲ್ಲ. ತಂತಿ ಹಿಡಿದು ಕೂತರೆ ಮನೆಗೆ ಕಳ್ಳ ನುಗ್ಗಿದರೂ ತಿಳಿಯುತ್ತಿರಲಿಲ್ಲ. ಆದರೆ ಇವತ್ತು ಸ್ಟೂಲು ಖಾಲಿಯಿತ್ತು. ಶಿವರುದ್ರಪ್ಪನವರು ಅದರ ಪಕ್ಕದಲ್ಲಿ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದರು. ಗೋಡೆಯ ಮೇಲೆ ಅವರು ಅಂಟಿಸಿದ್ದ ಎಲ್‌ಇಡಿ ಪಟ್ಟಿ ಮಾತ್ರ ಏನೂ ಆಗಿಲ್ಲವೆಂಬಂತೆ ಕೆಂಪಾಗಿ, ಹಸಿರಾಗಿ, ನೀಲಿಯಾಗಿ ಓಡುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಓಡಿಹೋಗಿ ಹಿಡಿದು ಎಬ್ಬಿಸುತ್ತಿದ್ದರು. ದಾಕ್ಷಾಯಣಮ್ಮ ಮುಟ್ಟಲಿಲ್ಲ. ಕರೆಂಟು ಹೊಡೆದವರನ್ನು ಮುಟ್ಟಿದರೆ ಮುಟ್ಟಿದವರನ್ನೂ ಎಳೆದುಕೊಳ್ಳುತ್ತದೆ ಎಂಬುದೊಂದೇ ಅವರ ತಲೆಗೆ ಬಂದದ್ದು. ಜೇಡರ ಬಲೆ ತೆಗೆಯುವ ಬಿದಿರಿನ ಕೋಲು ತಂದು, ದೂರ ನಿಂತು, ತಡಕಿ ತಡಕಿ ಗೋಡೆಯ ಸ್ವಿಚ್ಚು ಆರಿಸಿದರು. ಎಷ್ಟು ಹೊತ್ತು ಹಿಡಿಯಿತೋ ದೇವರೇ ಬಲ್ಲ. ಆಮೇಲೆ ಕೆನ್ನೆ ಮುಟ್ಟಿದರೆ ಬೆಚ್ಚಗಿತ್ತು, ಉಸಿರು ಇರಲಿಲ್ಲ.

ಕರೆಂಟೇ ಹೊಡೆಯಿತೋ, ಎದೆಯೇ ನಿಂತಿತೋ ಅವರಿಗೆ ಗೊತ್ತಿಲ್ಲ. ಶಿವರುದ್ರಪ್ಪನವರಿಗೆ ಬಿಪಿ ಇತ್ತು, ಮಾತ್ರೆಯಿತ್ತು. ಆದರೆ ಆ ಕ್ಷಣದಲ್ಲಿ ದಾಕ್ಷಾಯಣಮ್ಮನ ಕಣ್ಣಿಗೆ ಕಟ್ಟಿದ್ದು ಅವರ ಅಣ್ಣ. ತುಮಕೂರು ರಸ್ತೆಯಲ್ಲಿ ಲಾರಿಗೆ ಸಿಕ್ಕ ಅಣ್ಣನನ್ನು ಪೊಲೀಸರು ಪೋಸ್ಟ್‌ಮಾರ್ಟಂಗೆಂದು ಆಸ್ಪತ್ರೆಗೆ ಒಯ್ದಿದ್ದರು. ಕೊಯ್ದು, ಹೊಲಿದು, ಬಟ್ಟೆಯಲ್ಲಿ ಕಟ್ಟಿ ವಾಪಸ್ಸು ಕೊಟ್ಟಾಗ ಕೂರಿಸಲು ಬರುವಂತಿರಲಿಲ್ಲ. "ನನ್ ಮಗನ್ನ ಪರದೇಸಿ ಥರ ಮಲಗಿಸಿ ಹೂತ್ರಲ್ಲೇ," ಎಂದು ಅವರಮ್ಮ ಸಾಯುವ ತನಕ ಹಲುಬಿದಳು.

ಕರೆಂಟು ಹೊಡೆಯಿತೆಂದರೆ ಪೊಲೀಸರು ಬರುತ್ತಾರೆ, ಅಣ್ಣನಿಗಾದದ್ದು ಇವರಿಗಾಗಬಾರದು. ದಾಕ್ಷಾಯಣಮ್ಮ ಕೋಲಿನಿಂದಲೇ ಪ್ಲಗ್ಗು ಕಿತ್ತರು. ಗೋಡೆಯ ಪಟ್ಟಿ, ಹಸಿರು ಬೋರ್ಡು, ತಂತಿಗಳು, ಆ ದರಿದ್ರ ಡಬ್ಬ, ಎಲ್ಲವನ್ನೂ ಹಳೆ ಸೀರೆಯಲ್ಲಿ ಸುತ್ತಿ ಹಾಸಿಗೆಗಳ ರಾಶಿಯಡಿ ತುರುಕಿದರು. ಕಾಫಿ ಲೋಟವನ್ನು ಗಂಡನ ಪಕ್ಕದಲ್ಲಿಟ್ಟರು. ಆಮೇಲೆ ಮುಂದಿನ ಕೋಣೆಯಲ್ಲಿ ಮಲಗಿದ್ದ ಮಗನನ್ನು ಕೂಗಿದರು.

ಬೀದಿ ಕೊನೆಯ ಡಾಕ್ಟರು ಶ್ರೀನಿವಾಸಯ್ಯ ಬಂದು ಕಣ್ಣು ನೋಡಿದರು, ನಾಡಿ ನೋಡಿದರು. "ಏನ್ ಮಾಡ್ತಿದ್ರು?" ಎಂದರು.

"ಕಾಫಿ ಕುಡಿಯಕ್ಕೆ ಕೂತಿದ್ರು. ಹಾಗೇ ವಾಲ್ಬಿಟ್ರು," ಎಂದರು ದಾಕ್ಷಾಯಣಮ್ಮ.

ವರ್ಷಗಳಿಂದ ಬಿಪಿ ನೋಡಿದ್ದ ಡಾಕ್ಟರು ಹೃದಯಾಘಾತವೆಂದು ಬರೆದುಕೊಟ್ಟರು.

* * *

ಶಿವರುದ್ರಪ್ಪನವರಿಗೆ ಲೈಟಿನ ಆ ಹುಚ್ಚು ಹತ್ತಿದ್ದು ಕೆಲಸ ಬಿಟ್ಟ ಮೇಲೆ. ಮಾಮೂಲ್‌ಪೇಟೆಯ ಪೇಪರ್ ಅಂಗಡಿಯೊಂದರಲ್ಲಿ ಆಯುಷ್ಯವೆಲ್ಲ ಗಿರಾಕಿಗಳಿಗೆ ರಟ್ಟು, ಕಾಗದ ತೂಗಿ ಕೊಟ್ಟ ಮನುಷ್ಯ. ಮಂಡಿ ನೋವೆಂದು ಮನೆಯಲ್ಲಿ ಕೂತಮೇಲೆ ಹೊತ್ತು ಹೋಗದೆ ಎಸ್.ಪಿ. ರೋಡಿನ ಬಿಡಿಭಾಗಗಳ ಅಂಗಡಿಗಳಲ್ಲಿ ಸುತ್ತತೊಡಗಿದರು. ಒಂದು ದಿನ ಅಂಗೈಯಗಲದ ಹಸಿರು ಬೋರ್ಡೊಂದನ್ನು ಮಗುವನ್ನು ತಂದ ಹಾಗೆ ತಂದರು.

"ಇದು ಮೈಕ್ರೋಕಂಟ್ರೋಲರ್ ಕಣೇ. ಯಾವ ಬಲ್ಬು ಯಾವಾಗ ಹತ್ಬೇಕು, ಯಾವಾಗ ಆರ್ಬೇಕು ಅಂತ ಹೇಳೋದು ಇದೇ."

"ಅಂದ್ರೆ ನಾನು ನಿಮಗೆ ಹೇಳ್ತೀನಲ್ಲ, ಹಾಗೆ."

"ಇದು ಹೇಳಿದ್ದನ್ನ ಬಲ್ಬು ಕೇಳುತ್ತೆ," ಎಂದು ನಕ್ಕಿದ್ದರು.

ಮಠದ ಶಿವರಾತ್ರಿ ಭಜನೆಗೆ ಲಿಂಗದ ಹಿಂದೆ ಬಣ್ಣ ಬಣ್ಣವಾಗಿ ತಿರುಗುವ ಬೆಳಕಿನ ಪ್ರಭಾವಳಿ ಮಾಡಿಕೊಡುತ್ತೇನೆಂದು ಒಪ್ಪಿಕೊಂಡುಬಂದರು. ಅಲ್ಲಿಂದ ಶುರುವಾಯಿತು ರಾಮಾಯಣ. ಎಲ್‌ಇಡಿ ಪಟ್ಟಿಗೆ ಹನ್ನೆರಡು ವೋಲ್ಟು ಬೇಕು, ಬೋರ್ಡಿಗೆ ಐದೇ ಸಾಕು. ಎರಡಕ್ಕೂ ಬೇರೆ ಬೇರೆ ಅಡಾಪ್ಟರು ಕೊಡೋಣವೆಂದರೆ ಮಠದ ಗರ್ಭಗುಡಿಯಲ್ಲಿರುವುದು ಒಂದೇ ಪ್ಲಗ್ಗು, ಈ ಹಳೆ ಮನೆಯ ಪಡಸಾಲೆಯಲ್ಲೂ ಒಂದೇ.

"ಒಂದೇ ಒಲೇಲಿ ಅನ್ನನೂ ಆಗ್ಬೇಕು, ಸಾರೂ ಆಗ್ಬೇಕು. ಹೆಂಗ್ ಮಾಡ್ತೀಯ ಹೇಳು?"

"ಒಂದಾದ್ಮೇಲೊಂದು ಮಾಡ್ತೀನಿ."

"ಒಟ್ಟಿಗೇ ಆಗ್ಬೇಕು ಅಂತೀನಿ."

ಹನ್ನೆರಡು ವೋಲ್ಟನ್ನೇ ಬೋರ್ಡಿಗೂ ಕೊಟ್ಟು ಒಂದು ಬೋರ್ಡು ಸುಟ್ಟರು. ಮನೆಯೆಲ್ಲ ಕಮಟು. ಇನ್ನೊಂದು ತಂದು, ವೋಲ್ಟು ಇಳಿಸುವ ಪುಟ್ಟ ಚಿಪ್ ಹಾಕಿದರು. ಅದು ದೋಸೆ ಹೆಂಚಿನಂತೆ ಕಾಯುತ್ತಿತ್ತು. ಬಲ್ಬುಗಳೆಲ್ಲ ಒಟ್ಟಿಗೆ ಬೆಳ್ಳಗೆ ಹತ್ತಿದ ಕೂಡಲೇ ಪಟ್ಟಿಯೇ ಕರೆಂಟೆಲ್ಲ ಕುಡಿದು, ಬೋರ್ಡು ಮೂರ್ಛೆ ಹೋಗಿ, ಮತ್ತೆ ಮೊದಲಿಂದ ಶುರುಮಾಡುತ್ತಿತ್ತು. ತಿಂಗಳೆಲ್ಲ ಇದೇ ಗೋಳು. ಊಟಕ್ಕೆ ಕೂತಾಗಲೂ ತಟ್ಟೆಯಲ್ಲಿ ಬೆರಳಿನಿಂದ ತಂತಿ ಬರೆಯುತ್ತಿದ್ದರು.

ಕೊನೆಗೆ ಯಾರೋ ಹಳೆ ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬ ತೋರಿಸಿದರು. ಒಂದೇ ಡಬ್ಬದಿಂದ ಹನ್ನೆರಡೂ ಬರುತ್ತದೆ, ಐದೂ ಬರುತ್ತದೆ. ಶಿವರುದ್ರಪ್ಪನವರು ಕುಣಿದಾಡುವುದೊಂದು ಬಾಕಿ. ಅದರ ಪ್ಲಗ್ಗಿಗೆ ಮೂರು ಪಿನ್ನು, ಪಡಸಾಲೆಯ ಸಾಕೆಟ್ಟಿಗೆ ಎರಡೇ ತೂತು. ಶಾಕ್ ಹೊಡೆಯದಂತೆ ಕಾಯುವ ಅರ್ಥ್ ತಂತಿ ಕತ್ತರಿಸಿ ಬಿಸಾಕಿ ಎರಡು ಪಿನ್ನಿನ ಪ್ಲಗ್ಗು ಹಾಕಿದರು. ಅವತ್ತಿನಿಂದ ಡಬ್ಬ ಮುಟ್ಟಿದರೆ ಜುಮ್ ಎನ್ನುತ್ತಿತ್ತು.

"ಅದೇನಾಗಲ್ಲ ಬಿಡೇ. ಇರುವೆ ಕಚ್ಚಿದಂಗೆ ಅಷ್ಟೇ."

ಡಬ್ಬದೊಳಗಿನ ಫ್ಯಾನು ಗೊರ್ರೆನ್ನುತ್ತಿತ್ತು. ಮಧ್ಯಾಹ್ನ ಕಣ್ಣು ಮುಚ್ಚಲು ಬಿಡದು. "ಆ ಪೀಡೆ ಸದ್ದು ಮೊದ್ಲು ನಿಲ್ಲಿಸ್ರೀ," ಎಂದು ದಾಕ್ಷಾಯಣಮ್ಮನೇ ರೇಗಿದ್ದರು. ಮಾರನೆಯ ದಿನ ಶಿವರುದ್ರಪ್ಪನವರು ಫ್ಯಾನು ಬಿಚ್ಚಿ ತೆಗೆದರು. ಕಾಯದಿರಲೆಂದು ಮುಚ್ಚಳವನ್ನೂ ತೆಗೆದಿಟ್ಟರು. ಅವತ್ತು ಮಧ್ಯಾಹ್ನ ದಾಕ್ಷಾಯಣಮ್ಮ ಸುಖವಾಗಿ ನಿದ್ದೆ ಮಾಡಿದರು.

* * *

ಮಧ್ಯಾಹ್ನದ ಹೊತ್ತಿಗೆ ಕೃಷ್ಣರಾಜ ಮಾರುಕಟ್ಟೆಯಿಂದ ಹೂವಿನ ಕುಕ್ಕೆಗಳು ಬಂದವು. ನೀರು ಚಿಮುಕಿಸಿದ ಕುಕ್ಕೆಗಳಿಂದ ತೊಟ್ಟಿಕ್ಕಿ ತೊಟ್ಟಿಕ್ಕಿ ನಡುಮನೆಯ ಕೆಂಪು ನೆಲ ಒದ್ದೆಯಾಯಿತು. ಬೀದಿಯಲ್ಲಿ ಅವರನ್ನು ಹೊತ್ತೊಯ್ಯುವ ವಿಮಾನ ಕಟ್ಟುತ್ತಿದ್ದರು. ಬಿದಿರಿನ ಚೌಕಟ್ಟಿಗೆ ಸೇವಂತಿಗೆ ಸುತ್ತಿ, ನಡುವೆ ಕೂರಿಸಲು ಪೀಠ. ಮಠದ ಭಜನೆಯವರು ಬಂದು ತಾಳ ಹಿಡಿದರು. ಡಾಕ್ಟರು ಶ್ರೀನಿವಾಸಯ್ಯ ಹಾರ ಹಾಕಿ, ಹೋಗದೆ, ಗೋಡೆ ಪಕ್ಕ ಕುರ್ಚಿಯಲ್ಲಿ ಕೂತರು.

ಆಗ ನಾಗಭೂಷಣ ಒಳಗಿನಿಂದ ಬಂದ. ಅವನ ಕಂಕುಳಲ್ಲಿ ಹಳೆ ಸೀರೆಯ ಗಂಟಿತ್ತು.

"ಅಮ್ಮ, ಇದನ್ನ ಹಾಸಿಗೆ ಕೆಳಗೆ ಇಟ್ಟೋರು ಯಾರಮ್ಮ?"

ಅವನು ಉತ್ತರಕ್ಕೆ ಕಾಯಲಿಲ್ಲ. ಗಂಟು ಬಿಚ್ಚಿ ಪಟ್ಟಿಯನ್ನು ಸತ್ತ ತಂದೆಯ ಬೆನ್ನ ಹಿಂದಿನ ಗೋಡೆಗೆ ಕಮಾನಿನಂತೆ ಅಂಟಿಸತೊಡಗಿದ.

"ಮಠದೋರೆಲ್ಲ ಇಲ್ಲೇ ಇದಾರೆ. ಶಿವರಾತ್ರಿಗೆ ಅಂತ ಮಾಡಿದ್ದು. ಅಪ್ಪನ ಹಿಂದೆ ಒಂದ್ಸಲ ಉರೀಲಿ ಅತ್ತೆ, ಎಲ್ರೂ ನೋಡ್ಲಿ," ಎಂದು ರುದ್ರಾಣಿಗೆ ಹೇಳಿದ. ರುದ್ರಾಣಿ ಕಣ್ಣೊರೆಸಿಕೊಂಡಳು.

"ಬೇಡ ಕಣೋ," ಎಂದರು ದಾಕ್ಷಾಯಣಮ್ಮ. "ಸೂತಕದ ಮನೇಲಿ ಇದೆಲ್ಲ ಅಲಂಕಾರ ಯಾಕೆ?"

ಅಯ್ಯನವರು ಮೃದುವಾಗಿ, "ಲಿಂಗ ಕಟ್ಟಿದೋರಿಗೆ ಸೂತಕ ಎಲ್ಲಿದೆ ತಾಯಿ? ಬೆಳಕು ತಾನೆ, ಹಚ್ಲಿ ಬಿಡಿ," ಎಂದುಬಿಟ್ಟರು. ಛೆ, ಬೇರೆ ಏನಾದರೂ ಹೇಳಬೇಕಿತ್ತು. ದುಃಖದಲ್ಲಿ ಸ್ವಂತ ಮನೆಯ ಆಚಾರವೇ ಮರೆತುಹೋಗಿತ್ತು.

ದಾಕ್ಷಾಯಣಮ್ಮ ಎದ್ದರು. ಬಾಗಿಲ ಪಕ್ಕದ ಮೀಟರ್ ಬೋರ್ಡಿನಲ್ಲಿ ಫ್ಯೂಸು ಕಿತ್ತುಬಿಟ್ಟರೆ ಮುಗಿಯಿತು, ಕರೆಂಟು ಹೋಯಿತು ಎಂದುಕೊಳ್ಳುತ್ತಾರೆ. ಅದರ ಮುಂದೆ ನಿಂತು ಕೈ ಎತ್ತಿದರು. ಬಿಳಿ ಪಿಂಗಾಣಿಯ ಫ್ಯೂಸು ಹಲ್ಲುಕಿರಿದು ನೋಡಿದಂತಾಯಿತು. ಕೈ ಹಿಂದಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ರುದ್ರಾಣಿ ಹಿಂದಿನಿಂದ ಬಂದು ಹೆಗಲು ಹಿಡಿದು, "ಅಣ್ಣನ್ನ ಬಿಟ್ಟು ಎಲ್ಲಿಗ್ ಬಂದ್ರಿ ಅತ್ತಿಗೆ, ಬನ್ನಿ," ಎಂದು ಎಳೆದುಕೊಂಡು ಹೋಗಿ ಕೂರಿಸಿದಳು.

ನಾಗಭೂಷಣ ಎಕ್ಸ್‌ಟೆನ್ಷನ್ ತಂತಿ ಎಳೆದು ಡಬ್ಬದ ಪ್ಲಗ್ಗು ಹಾಕಿದ್ದ. ಪಟ್ಟಿ ಹತ್ತಿರಲಿಲ್ಲ. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಡಬ್ಬ ಹಿಡಿದು ತಿರುಗಿಸಿದವನು ಕೈ ಕೊಡವಿದ.

"ಯಾಕೋ ಜುಮ್ ಅಂತಿದೆಯಲ್ಲ."

ಯಾರಿಗೂ ಅದು ಕೇಳಿಸಲಿಲ್ಲ, ತಾಳದ ಸದ್ದು. ಕೇಳಿಸಿದ್ದು ದಾಕ್ಷಾಯಣಮ್ಮನಿಗೆ ಮಾತ್ರ. ಅವನು ಮತ್ತೆ ಎಡಗೈಯಲ್ಲಿ ಡಬ್ಬ ಒತ್ತಿ ಹಿಡಿದ. ಒಳಗೆ ಒಂದು ತಂತಿ ಬಿಟ್ಟುಹೋಗಿರುವುದನ್ನು ಬಗ್ಗಿ ನೋಡಿದ. ಅದನ್ನು ಹಿಡಿಯಲು ಬಲಗೈ ಒಳಗೆ ಹಾಕಹೊರಟ.

ಡಾಕ್ಟರು ಅಲ್ಲೇ ಕೂತಿದ್ದರು. ಹೇಳಿದರೆ ಕೊಯ್ಯುತ್ತಾರೆ. ಗಂಡ ಅಲ್ಲಿ ಪೂಜೆಗೆ ಕೂತವರಂತೆ ಕೂತಿದ್ದಾರೆ, ಇನ್ನೊಂದು ಗಳಿಗೆ ಕಳೆದರೆ ವಿಮಾನ ಏರುತ್ತಾರೆ.

"ಮುಟ್ಬೇಡ್ವೋ!"

ಆ ಕೂಗಿಗೆ ತಾಳ ನಿಂತಿತು.

"ಕೈ ತೆಗಿಯೋ ಭೂಷಣ! ಅದೇ ಕಣೋ ನಿಮ್ಮಪ್ಪನ್ನ ತಿಂದಿದ್ದು!"

ನಾಗಭೂಷಣನ ಕೈ ಗಾಳಿಯಲ್ಲೇ ನಿಂತಿತು. ಭಜನೆಯವರೊಬ್ಬರು ಎದ್ದು ಓಡಿ ಪ್ಲಗ್ಗು ಕಿತ್ತರು.

ರುದ್ರಾಣಿಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು. "ಡಾಕ್ಟ್ರೇ, ಕಿವಿಗೆ ಹಾಕ್ಕೋಬೇಡಿ, ದುಃಖಕ್ಕೆ ಅತ್ತಿಗೆಗೆ ಬುದ್ಧಿ ಕೆಟ್ಟಿದೆ," ಎಂದು ಅಡ್ಡ ಬಂದಳು. ಆಮೇಲೆ ತಗ್ಗಿದ ದನಿಯಲ್ಲಿ ದಾಕ್ಷಾಯಣಮ್ಮನಿಗೆ, "ಸುಮ್ನಿರಿ ಅತ್ತಿಗೆ, ನಿಮ್ ಕಾಲಿಗ್ ಬೀಳ್ತೀನಿ, ಸುಮ್ನಿರಿ," ಎಂದಳು.

"ನನ್ ಬುದ್ಧಿ ನೆಟ್ಟಗಿದೆ ರುದ್ರಾಣಿ. ಸೀರೇಲಿ ಸುತ್ತಿಟ್ಟಿದ್ದು ನಾನೇ. ಇವ್ರು ಕಾಫಿ ಕುಡೀಲಿಲ್ಲ. ಅದರ ಪಕ್ಕ ಬಿದ್ದಿದ್ರು. ಲೈಟು ಉರೀತಾನೇ ಇತ್ತು."

ಶ್ರೀನಿವಾಸಯ್ಯ ಎದ್ದು ಬಂದು ಕೈಯ ಬಟ್ಟೆ ಬಿಚ್ಚಿದರು. ಕನ್ನಡಕ ತೆಗೆದು, ಹಾಕಿ, ವಿಭೂತಿ ಒರೆಸಿ ಮಚ್ಚೆ ನೋಡಿದರು. ಬಹಳ ಹೊತ್ತು ನೋಡಿದರು.

"ಸೋಲ್ಡರಿಂದೋ ಕರೆಂಟಿಂದೋ ನೋಡಿ ಹೇಳಕ್ಕಾಗಲ್ಲ," ಎಂದರು. "ಆದ್ರೆ ನಾನ್ ಬರ್ಕೊಟ್ಟಿದ್ದನ್ನ ಹಾಗೇ ಬಿಡಕ್ಕೂ ಆಗಲ್ಲ ದಾಕ್ಷಾಯಣಮ್ನೋರೆ. ಸ್ಟೇಷನ್ನಿಗೆ ತಿಳಿಸ್ಲೇಬೇಕು. ಕ್ಷಮಿಸ್ಬಿಡಿ."

ನಾಗಭೂಷಣ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತ ಅಪ್ಪನ ಪಕ್ಕದಲ್ಲಿ ಕುಸಿದ. "ಬೆಳಿಗ್ಗೇನೇ ಯಾಕಮ್ಮ ಹೇಳ್ಲಿಲ್ಲ?"

"ಕೊಯ್ತಾರೆ ಕಣೋ," ಎಂದರು ದಾಕ್ಷಾಯಣಮ್ಮ. ಆಮೇಲೆ ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಅಂಗೈ ತಿರುಗಿಸಿ ತಿರುಗಿಸಿ ನೋಡಿ, ಬಿಕ್ಕಿ ಬಿಕ್ಕಿ ಅತ್ತರು.

* * *

ಆಸ್ಪತ್ರೆಗೆ ಒಯ್ಯುವ ಪೊಲೀಸ್ ವ್ಯಾನು ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಸ್ಟ್ರೆಚರ್ ತಂದ ಇಬ್ಬರು ಶಿವರುದ್ರಪ್ಪನವರನ್ನು ಮಲಗಿಸಲು ನೋಡಿದರು. ಬೆಳಿಗ್ಗೆಯಿಂದ ಕೂತ ಮೈ ಕೂತ ಹಾಗೆಯೇ ಸೆಟೆದುಕೊಂಡಿತ್ತು. ಬೆನ್ನು ಕೆಳಗಿಟ್ಟರೆ ಮಂಡಿಗಳು ಮೇಲೇಳುತ್ತಿದ್ದವು. ಒಬ್ಬ ಮಂಡಿಯ ಮೇಲೆ ಕೈಯೂರಿ ಭಾರ ಬಿಡಲು ಹೋದ.

"ಬೇಡಪ್ಪ, ಮುರೀಬೇಡ! ಆ ಮಂಡಿ ನೋವು ಅವರಿಗೆ," ಎಂದು ದಾಕ್ಷಾಯಣಮ್ಮ ಚೀರಿದರು.

ಬೂಟು ಬಿಚ್ಚಿ ಹೊಸ್ತಿಲಾಚೆ ಇಟ್ಟು ಒಳಗೆ ಬಂದಿದ್ದ ಕಾನ್‌ಸ್ಟೇಬಲ್ ಮುನಿರಾಮಪ್ಪ ಅವನ ಭುಜ ಹಿಡಿದು ತಡೆದ. "ಬಿಡ್ರೋ ಅತ್ಲಾಗೆ," ಎಂದ. "ಕೂತಂಗೇ ಕರ್ಕೊಂಡ್ ಹೋಗೋಣ. ಸೀಟಿನ ಮೇಲೆ ಕೂರಿಸ್ರಿ."

ಅಯ್ಯನವರು ತೆರೆದ ಅಂಗೈಯಿಂದ ಲಿಂಗವನ್ನು ತೆಗೆದು ದಾಕ್ಷಾಯಣಮ್ಮನ ಕೈಗೆ ಕೊಟ್ಟರು. "ಬರೋ ತನಕ ನೀವ್ ಹಿಡ್ಕೊಂಡಿರಿ ತಾಯಿ." ಬಂದ ಮೇಲೆ ಏನು, ಹೇಗೆ ಕೂರಿಸುವುದು, ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ನಾಲ್ವರು ಮಣೆ ಸಮೇತ ಎತ್ತಿ, ಸೇವಂತಿಗೆ ಸುತ್ತಿ ನಿಲ್ಲಿಸಿದ್ದ ವಿಮಾನದ ಪಕ್ಕದಿಂದಲೇ ಹಾಯಿಸಿ ವ್ಯಾನಿಗೆ ಹತ್ತಿಸಿದರು. ಹೂ ಕಟ್ಟುತ್ತಿದ್ದವರು ದಾರ ಕೈಯಲ್ಲಿ ಹಿಡಿದೇ ಎದ್ದು ನಿಂತರು. ಒಂದು ಪಕ್ಕಕ್ಕೆ ನಾಗಭೂಷಣ ಅಪ್ಪನ ಭುಜ ತಬ್ಬಿ ಕೂತ. ಇನ್ನೊಂದು ಪಕ್ಕಕ್ಕೆ ಮುನಿರಾಮಪ್ಪ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಿಚ್ಚಿದ ಆ ಎಡಗೈಯನ್ನು ಅಲುಗದ ಹಾಗೆ ಹಿಡಿದುಕೊಂಡ.

ದಾಕ್ಷಾಯಣಮ್ಮ ಲಿಂಗವನ್ನು ಎದೆಗೆ ಒತ್ತಿಕೊಂಡು ಬೀದಿಯಲ್ಲಿ ನಿಂತಿದ್ದರು. ವ್ಯಾನು ನಿಧಾನವಾಗಿ ಹೊರಟು, ಬೀದಿಯ ಹಂಪ್ ಹತ್ತಿ ಇಳಿಯಿತು. ಹಿಂದಿನ ಗಾಜಿನಲ್ಲಿ ಮೂರು ತಲೆಗಳು, ಸಿಟಿ ಬಸ್ಸಿನಲ್ಲಿ ಕೂತವರ ಹಾಗೆ, ಒಟ್ಟಿಗೇ ಒಂದು ಪಕ್ಕಕ್ಕೆ ವಾಲಿ ಸರಿಯಾದವು. ಅಂಚಿನ ಎರಡೂ ತಗ್ಗಿದ್ದವು. ನಡುವಿನ ರುಮಾಲಿನ ತಲೆಯೊಂದೇ ನೆಟ್ಟಗಿತ್ತು.